ಎಡಗಾಲು

ತಾಯಿಯ ತಲೆಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ಅನೆಜಿನಾ ವೈನು ತುಂಬಿದ ಬೋಗುಣಿಯಲ್ಲಿ ಅದ್ದಿದಳು.

"ಮೆಲ್ಲಗೆ ಕಣೇ," ಅಂದಳು ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಜಂಬೇತಾ. "ದವಡೆ ಕಳಚ್ಕೊಂಡೀತು."

"ಎಂಬತ್ತೆಂಟು ವರ್ಷ ಒಂದೇ ಸಮ ಮಾತಾಡಿದ ದವಡೆ ಇದು. ಅಷ್ಟು ಸುಲಭಕ್ಕೆ ಕಳಚಲ್ಲ."

ಗೋರಿಯ ಒಳಗಿಂದ ಸ್ಟ್ರಾಟಿಸ್ ನಕ್ಕ ಸದ್ದು ಕೇಳಿತು. ಊರಿಗೆಲ್ಲ ಗುಂಡಿ ತೋಡುವವನು ಅವನೇ. ಸೊಂಟದ ತನಕ ಕೆಳಗಿಳಿದು ಒಂದೊಂದೇ ಮೂಳೆಯನ್ನು ಎತ್ತಿ ಕೊಡುತ್ತಿದ್ದ. ಅನೆಜಿನಾ ತೊಳೆಯುತ್ತಿದ್ದಳು, ಜಂಬೇತಾ ಬಿಳಿ ಬಟ್ಟೆಯಲ್ಲಿ ಒರೆಸಿ ತಗಡಿನ ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದಳು. ಗ್ರೀಸಿನ ಟೀನೋಸ್ ದ್ವೀಪದ ಆ ಬೆಟ್ಟದೂರಿನಲ್ಲಿ ಕಲ್ಲು ಬೇಕಾದಷ್ಟಿದೆ, ಮಣ್ಣಿಗೇ ಬರ. ಹೂತವರನ್ನು ಐದು ವರ್ಷಕ್ಕೆ ಎಬ್ಬಿಸಿ, ವೈನಿನಲ್ಲಿ ತೊಳೆದು, ಪೆಟ್ಟಿಗೆಗೆ ಹಾಕಿ ಮುಂದಿನವರಿಗೆ ಜಾಗ ಮಾಡಿಕೊಡಬೇಕು. ಅನೆಜಿನಾಳ ತಾಯಿ ಮಾತ್ರ ಒಂಬತ್ತು ವರ್ಷವಾದರೂ ಏಳದೆ ಮಲಗಿದ್ದಳು. ಎಬ್ಬಿಸುವಾಗ ಮಕ್ಕಳೆಲ್ಲ ಒಟ್ಟಿಗೆ ನಿಂತಿರಬೇಕು. ಇದ್ದ ಇಬ್ಬರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಈಗ ಅವರಲ್ಲೊಬ್ಬ, ಅನೆಜಿನಾಳ ಅಣ್ಣ, ತೀರಿಕೊಂಡಿದ್ದಾನೆ. ಇವತ್ತು ಮಧ್ಯಾಹ್ನ ಅವನಿಗೆ ಈ ಜಾಗ ಬೇಕು. ಹಾಗಾಗಿ ತಾಯಿ ಏಳಲೇಬೇಕಾಯಿತು.

ಅನೆಜಿನಾಳದು ಪಳಗಿದ ಕೈ. ಎಪ್ಪತ್ತೊಂದು ವರ್ಷದಲ್ಲಿ ಗಂಡನದು, ಅಪ್ಪನದು, ಕರೆದವರ ಮನೆಯ ಎಷ್ಟೋ ಜನರದು ತೊಳೆದಿದ್ದಾಳೆ. ತೊಳೆಯಲು ಸಿಗದೆ ಹೋದದ್ದು ಒಬ್ಬನದೇ. ಅವಳ ಒಬ್ಬನೇ ಮಗ ಪಂಡೆಲಿಸ್ ಇಪ್ಪತ್ತೇಳು ವರ್ಷದಿಂದ ಬಿಸ್ಕೇ ಕೊಲ್ಲಿಯ ತಳದಲ್ಲಿದ್ದಾನೆ, ಹಡಗಿನ ಜೊತೆಗೇ. ಮನೆಯವರ ಈ ಗೋರಿಯ ಚಪ್ಪಡಿಯ ಮೇಲೆ ಅವನ ಹೆಸರಿದೆ, ಒಳಗೆ ಅವನಿಲ್ಲ. ಯಾರದೇ ಪಾದದ ಸಣ್ಣ ಮೂಳೆಗಳು ಕೈಗೆ ಬಂದರೂ ಅವಳು ಅವನ್ನು ಬೇಕಾದ್ದಕ್ಕಿಂತ ಎರಡು ಸಲ ಹೆಚ್ಚು ತೊಳೆಯುತ್ತಿದ್ದಳು. ಯಾಕೆಂದು ಅವಳು ಯಾರ ಹತ್ತಿರವೂ ಹೇಳಿಕೊಂಡವಳಲ್ಲ.

ಅಷ್ಟರಲ್ಲಿ ಮಾಥ್ಯೋಸ್ ಟೋಪಿಯನ್ನು ಕೈಯಲ್ಲಿ ಹಿಡಿದು ಬಂದ. ಸತ್ತವನ ಗೆಳೆಯ, ಅವನ ಹಾಗೇ ಕಲ್ಲು ಕೆತ್ತುವವನು. ಎಪ್ಪತ್ತು ದಾಟಿದರೂ ಹುಬ್ಬಿನೊಳಗಿನ ಬಿಳಿ ಪುಡಿ ಹೋಗಿರಲಿಲ್ಲ.

"ಮೂರು ಗಂಟೆಗೆ ಎತ್ತುತ್ತಾರೆ ಅನೆಜಿನಾ. ಮನೆ ಹತ್ರ ಬರ್ತೀಯಲ್ಲ?"

"ಆಚೆ ಮನೆಯವನು ಹೇಗೂ ಇಲ್ಲಿಗೇ ಬರ್ತಾನೆ. ನಾನ್ಯಾಕೆ ಅಲ್ಲಿಗೆ ಹೋಗ್ಲಿ?"

"ಸತ್ತ ಮೇಲಾದ್ರೂ ಹೆಸರು ಹಿಡಿದು ಕರಿಯೇ," ಅಂದಳು ಜಂಬೇತಾ. "ಸರಾಂದೋಸ್ ಅಂತ ಚೆಂದದ ಹೆಸರಿಟ್ಟಿದ್ಲು ನಿಮ್ಮಮ್ಮ. ನೋಡು, ಕೇಳಿಸ್ಕೋತಾ ಕೂತಿದಾಳೆ ಪೆಟ್ಟಿಗೇಲಿ."

ಅನೆಜಿನಾ ಮುಂದಿನ ಮೂಳೆಗೆ ಕೈ ಚಾಚಿದಳು. ಮಾಥ್ಯೋಸ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ.

"ಇನ್ನೊಂದು ಮಾತಿದೆ. ಹೋದ ವಾರ ನನ್ನ ಕರೆಸಿ ಹೇಳಿದ. ನನ್ನ ತಲೆ ಹತ್ರ ಶಿಲುಬೆ ಬೇಡ, ಕಲ್ಲುಕೊಟ್ಟಿಗೇಲಿರೋ ಹುಡುಗನ್ನ ತಂದು ನಿಲ್ಸು ಅಂದ."

ಅವಳ ಕೈ ಬೋಗುಣಿಯಲ್ಲೇ ನಿಂತಿತು.

"ಅವಳು ಒಪ್ಪಿದ್ರೆ ಮಾತ್ರ ಅಂದ. ಒಪ್ಪದೇ ಇದ್ರೆ, ನನ್ನ ಮಣ್ಣು ಮಾಡಿದ ದಿವಸವೇ ಒಡೆದು ಸುಣ್ಣದ ಗೂಡಿಗೆ ಹಾಕ್ಬಿಡು, ಬೇರೆಯೋರ ಕೈಗೆ ಹೋಗೋದು ಬೇಡ ಅಂದ. ನಿನ್ನ ಮಗನ ಪ್ರತಿಮೆ. ಹೇಳ್ಬೇಕಾದವಳು ನೀನು."

"ಅದು ನನ್ನ ಮಗ ಅಲ್ಲ, ಕಲ್ಲು."

"ಸರಿ, ಕಲ್ಲು. ಏನು ಮಾಡ್ಲಿ?"

"ಒಡಿ."

ಸ್ಟ್ರಾಟಿಸ್ ಗುಂಡಿಯೊಳಗಿಂದ ತಲೆಯೆತ್ತಿ ನೋಡಿ ಮತ್ತೆ ಬಗ್ಗಿದ.

"ಒಂದು ಸಲ ನೋಡಿ ಹೇಳು ಮಾರಾಯ್ತಿ."

"ನೋಡಿದೀನಿ. ನನ್ನ ಬಾಗಿಲಿಗೇ ತಂದು ನಿಲ್ಸಿದ್ನಲ್ಲ."

"ಆವತ್ತು ನೀನು ನೋಡಿದ್ದು ಕಾಲು ಒಂದೇ."

"ಅಷ್ಟೇ ಸಾಕಾಯ್ತು ನಂಗೆ."

ಮಾಥ್ಯೋಸ್ ಟೋಪಿ ಹಾಕಿಕೊಂಡ. "ಸುತ್ತಿಗೆ ತಂದಿಟ್ಟುಕೋತೀನಿ. ಮಣ್ಣಾದ ಮೇಲೆ ಇನ್ನೊಂದೇ ಒಂದು ಸಲ ಕೇಳ್ತೀನಿ. ಆಗಲೂ ಇದೇ ಮಾತು ಹೇಳಿದ್ರೆ ಒಡೀತೀನಿ, ಆಮೇಲೆ ನನ್ನ ಬೈಬಾರ್ದು."

ಕೊನೆಯದಾಗಿ ಪಾದದ ಮೂಳೆಗಳು ಮೇಲೆ ಬಂದವು. ಅವನ್ನೂ ತೊಳೆದು ಮುಗಿಸಿದಾಗ ಬಾಟಲಿಯಲ್ಲಿ ಇನ್ನೂ ಅರ್ಧ ವೈನು ಉಳಿದಿತ್ತು. ಚೆಲ್ಲಲು ಮನಸ್ಸಾಗದೆ ಅನೆಜಿನಾ ಬೆಂಡು ಒತ್ತಿ ಅದನ್ನು ಕೈಚೀಲಕ್ಕೆ ಹಾಕಿಕೊಂಡಳು.

*

ಸರಾಂದೋಸ್ ಅವಳಿಗಿಂತ ಐದು ವರ್ಷ ದೊಡ್ಡವನು. ಹೊಸ ಮನೆಗಳ ಬಾಗಿಲ ಮೇಲೆ ಕೂರಿಸುವ ಅಮೃತಶಿಲೆಯ ಚಪ್ಪಡಿ ಕೆತ್ತುತ್ತಿದ್ದ; ಹಾಯಿಹಡಗು, ಎದುರುಬದುರು ಕೂತ ಎರಡು ಹಕ್ಕಿ, ಇಂಥವು. ಊರಿನ ಗಂಡಸರೆಲ್ಲ ದುಡಿಯಲು ಹಡಗು ಹತ್ತುತ್ತಿದ್ದರೆ ಇವನೊಬ್ಬ ನೋಡಲು ಹತ್ತುತ್ತಿದ್ದ. ಪ್ರತಿ ಅಕ್ಟೋಬರಿನಲ್ಲಿ, ದ್ರಾಕ್ಷಿ ಕೊಯ್ಲು ಮುಗಿದ ಮೇಲೆ, ಒಂದು ಚೀಲದಲ್ಲಿ ರೊಟ್ಟಿ, ಗಿಣ್ಣು, ಆಲಿವ್ ಕಟ್ಟಿಕೊಂಡು ಹತ್ತು ದಿನ ಮಾಯವಾಗುವನು. ಒಂದು ವರ್ಷ ಡೆಲ್ಫಿ, ಇನ್ನೊಂದು ವರ್ಷ ಒಲಿಂಪಿಯಾ, ಮತ್ತೊಂದು ವರ್ಷ ನಾಕ್ಸೋಸಿನ ಗಣಿಯಲ್ಲಿ ಅರ್ಧ ಕೆತ್ತಿ ಬಿಟ್ಟ, ಯಾವ ಕಾಲದಿಂದಲೋ ಅಂಗಾತ ಮಲಗಿರುವ ರಾಕ್ಷಸನಂಥ ಪ್ರತಿಮೆ. ಆದರೆ ಕೊನೆಗೆ ಅಥೆನ್ಸಿನ ಮ್ಯೂಸಿಯಮ್ಮಿಗೆ ಹೋಗಿಯೇ ಬರುತ್ತಿದ್ದ. ಅಲ್ಲಿ ಹಳೆಯ ಕಲ್ಲಿನ ಹುಡುಗರು ಸಾಲಾಗಿ ನಿಂತಿದ್ದಾರೆ. ಬಂದ ಮೇಲೆ ತಿಂಗಳುಗಟ್ಟಲೆ ಅಂಗಳದಲ್ಲಿ ಅವರ ಹಾಗೇ ಕೈ ಇಳಿಬಿಟ್ಟು, ಎಡಗಾಲು ಮುಂದಿಟ್ಟು ನಿಂತುಕೊಂಡು ತನ್ನ ಕಾಲನ್ನೇ ತಾನು ನೋಡುತ್ತಿದ್ದ. ಇಂಥವನಿಗೆ ಯಾರು ಹೆಣ್ಣು ಕೊಡುತ್ತಾರೆ? ಕೊಡಲಿಲ್ಲ. ಅವನಿಗೆ ಅದರ ಚಿಂತೆಯೂ ಇದ್ದಂತೆ ಕಾಣಲಿಲ್ಲ.

ಒಂದು ಅಕ್ಟೋಬರಿನಲ್ಲಿ ಅನೆಜಿನಾ ಕಣ್ಣು ತೋರಿಸಲು ಅವನ ಜೊತೆ ಅಥೆನ್ಸಿಗೆ ಹೋದಳು. ಡಾಕ್ಟರ ಕೆಲಸ ಮುಗಿದ ಮೇಲೆ ಅವನು ಅವಳನ್ನು ಎಳೆದುಕೊಂಡು ಹೋಗಿ ಕಲ್ಲಿನ ಹುಡುಗರ ಮುಂದೆ ನಿಲ್ಲಿಸಿದ.

"ಅಯ್ಯೋ ಅಣ್ಣ, ಒಬ್ಬನ ಮೈಮೇಲೂ ಬಟ್ಟೆ ಇಲ್ವಲ್ಲೋ," ಎಂದು ಅವಳು ಶಿಲುಬೆಯ ಗುರುತು ಮಾಡಿಕೊಂಡಳು.

"ಮುಖ ನೋಡೇ ಮೊದಲು."

"ಮುಖದಲ್ಲೇನಿದೆ? ಕದ್ದು ಜೇನು ತಿಂದೋರ ಹಾಗೆ ನಗ್ತಿದಾರೆ." ಆಮೇಲೆ ಕೆಳಗೆ ನೋಡಿದಳು. "ಅಲ್ಲ, ಎಲ್ಲರೂ ಎಡಗಾಲೇ ಮುಂದಿಟ್ಟಿದಾರಲ್ಲ. ಇವರ ಅಮ್ಮಂದಿರು ಏನೂ ಹೇಳ್ಕೊಡ್ಲಿಲ್ವಾ?"

"ಒಳಗೆ ಬರೋರು ಬಲಗಾಲಿಡ್ತಾರೆ. ಇವರು ಬರ್ತಿಲ್ಲ ಕಣೇ, ಹೊರಟಿದಾರೆ."

"ಎಲ್ಲಿಗೆ?"

"ಅದು ಗೊತ್ತಾಗಿದ್ರೆ ನಾನ್ಯಾಕೆ ವರ್ಷ ವರ್ಷ ಬರ್ತಿದ್ದೆ?" ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. "ಹಿಮ್ಮಡಿ ನೋಡು. ನೀನು ನಡೆಯುವಾಗ ಹಿಂದಿನ ಹಿಮ್ಮಡಿ ಏಳುತ್ತೆ, ಭಾರ ಮುಂದಕ್ಕೆ ಹೋಗುತ್ತೆ. ಇವನದು ಎರಡೂ ಹಿಮ್ಮಡಿ ನೆಲದಲ್ಲೇ ಇವೆ. ಕಾಲು ಮುಂದಿಟ್ಟಿದಾನೆ, ಭಾರ ಎರಡರ ಮೇಲೂ ಇದೆ. ಹೊರಟಿದಾನೆ, ಆದ್ರೆ ಹೋಗಿಲ್ಲ."

ಅವಳೂ ಪಕ್ಕದಲ್ಲಿ ಕೂತು ನೋಡಿದಳು. ಅವಳಿಗೆ ಹಿಮ್ಮಡಿಗಿಂತ ಬೆರಳುಗಳು ಕಂಡವು. "ಕಿರುಬೆರಳು ಎಷ್ಟು ನೆಟ್ಟಗಿದೆ ನೋಡು. ನಮ್ಮ ಪಂಡೆಲಿಸ್‌ದು ಎಡಗಾಲಿಂದು ಪಕ್ಕದ ಬೆರಳ ಮೇಲೆ ಹತ್ತಿ ಕೂತಿದೆ. ತೊಟ್ಟಿಲಲ್ಲಿದ್ದಾಗಿಂದ ಎಳೆದೂ ಎಳೆದೂ ಸಾಕಾಯ್ತು, ನೆಟ್ಟಗಾಗಲೇ ಇಲ್ಲ."

ಕಾವಲುಗಾರ ಅತ್ತ ತಿರುಗಿದಾಗ ಸರಾಂದೋಸ್ ಆ ಕಲ್ಲಿನ ಪಾದದ ಮೇಲೆ ಅಂಗೈ ಇಟ್ಟ.

"ರೀ, ಟೀನೋಸಿನೋರೇ," ಕಾವಲುಗಾರ ತಿರುಗದೆಯೇ ಹೇಳಿದ. "ಪ್ರತಿ ವರ್ಷ ಬಂದು ಅದೇ ಕಾಲು ಮುಟ್ತೀರಲ್ಲ. ಬೇರೆ ಯಾರದಾದ್ರೂ ಮುಟ್ಟಿ, ನಂಗೂ ಬೇಜಾರಾಗಿದೆ."

ಅಣ್ಣತಂಗಿ ಮೆಟ್ಟಿಲಿಳಿಯುವ ತನಕ ನಗುತ್ತಿದ್ದರು. ಅವರಿಬ್ಬರೂ ಸೇರಿ ನಕ್ಕದ್ದರಲ್ಲಿ ಅದು ಕೊನೆಯದರ ಹಿಂದಿನದು.

ಕೊನೆಯದು ಅದೇ ಚಳಿಗಾಲದಲ್ಲಿ, ಹೊಸವರ್ಷದ ಬೆಳಿಗ್ಗೆ. ವರ್ಷದ ಮೊದಲ ಕಾಲು ಯಾರದು ಎಂಬುದರ ಮೇಲೆ ಆ ಮನೆಯ ಇಡೀ ವರ್ಷ ನಿಂತಿರುತ್ತದೆ. ಗಂಡ ತೀರಿಕೊಂಡ ಮೇಲೆ ಅನೆಜಿನಾಳ ಮನೆಗೆ ಮೊದಲ ಕಾಲು ಅಣ್ಣನದೇ. ಅವನು ಒಂದು ಕೈಯಲ್ಲಿ ಶುಭಕ್ಕೆ ಒಡೆಯುವ ದಾಳಿಂಬೆ, ಇನ್ನೊಂದರಲ್ಲಿ ಮನೆ ಗಟ್ಟಿಯಾಗಿರಲೆಂದು ಕಲ್ಲು ಹಿಡಿದು ಬಂದವನೇ ಎಡಗಾಲನ್ನು ಹೊಸ್ತಿಲೊಳಗೆ ಇಟ್ಟುಬಿಟ್ಟ.

"ಅಣ್ಣ, ಕಾಲು," ಅಂದಳು ಅವಳು.

ಅವನು ತನ್ನ ಕಾಲು ನೋಡಿಕೊಂಡು ಕೆಂಪಗಾದ. "ಆ ಹುಡುಗರ ಹಾಗೆ ನಿಂತೂ ನಿಂತೂ ಹಾಳು ಅಭ್ಯಾಸ ಆಗೋಗಿದೆ." ಹೊರಗೆ ಹೋಗಿ ಬಲಗಾಲಿಟ್ಟು ಮತ್ತೆ ಬಂದ. ದಾಳಿಂಬೆಯನ್ನು ನೆಲಕ್ಕೆ ಅಪ್ಪಳಿಸಿದ, ಕಾಳು ಮೂಲೆಮೂಲೆಗೆ ಚೆಲ್ಲಿದವು. "ಮಾವ ಎರಡು ವರ್ಷದ್ದು ಒಟ್ಟಿಗೇ ಮುಗಿಸಿದ್ರು," ಎಂದು ಪಂಡೆಲಿಸ್ ಗೇಲಿ ಮಾಡಿದ. ಮೂವರೂ ನಕ್ಕರು.

ಎರಡು ವಾರಕ್ಕೆ ಪಂಡೆಲಿಸ್ ಹಡಗಿಗೆ ಹೋದ. ಮಾರ್ಚಿನಲ್ಲಿ ಹಡಗು ಮುಳುಗಿತು. ಅನೆಜಿನಾ ರೊಟ್ಟಿ ಅಂಗಡಿಯಲ್ಲಿ, ಹತ್ತು ಹೆಂಗಸರ ಮುಂದೆ, "ವರ್ಷದ ಮೊದಲ ಕಾಲು ಎಡಗಾಲಿಟ್ಟ. ನನ್ನ ಮಗನ್ನ ತಿಂದದ್ದು ಆ ಕಾಲು," ಅಂದಳು. ಅಲ್ಲಿಂದ ಆ ಮಾತಿಗೆ ಅವಳ ಅಗತ್ಯವೇ ಇರಲಿಲ್ಲ, ತಾನಾಗೇ ಊರು ಸುತ್ತಿತು. ಸರಾಂದೋಸ್ 'ಎಡಗಾಲ'ನಾದ. ಹೊಸ ಮನೆಯವರು ಬಾಗಿಲ ಕೆತ್ತನೆಗೆ ಅವನನ್ನು ಕರೆಯುವುದು ಬಿಟ್ಟರು. ಹೆಣದ ಕೆಲಸಕ್ಕೆ ಯಾವ ಕಾಲಾದರೇನು ಎಂದು ಶಿಲುಬೆಗಳನ್ನು ಮಾತ್ರ ಕೆತ್ತಿಸಿಕೊಂಡರು. ಹೊಸವರ್ಷದ ದಿನ ಅವನು ಮಧ್ಯಾಹ್ನದ ತನಕ ಬಾಗಿಲು ಹಾಕಿಕೊಂಡು ಒಳಗೇ ಇರುತ್ತಿದ್ದ, ಮತ್ತೆ ಯಾರದೂ ತಲೆಗೆ ಬರುವುದು ಬೇಡವೆಂದು. ಅಕ್ಟೋಬರಿನ ಹಡಗನ್ನು ಮಾತ್ರ ಬಿಡಲಿಲ್ಲ. ಒಬ್ಬನೇ ಹೋಗಿ ಒಬ್ಬನೇ ಬರುತ್ತಿದ್ದ. ಏನು ನೋಡಿಬಂದೆ ಎಂದು ಕೇಳುವವರು ಯಾರೂ ಇರಲಿಲ್ಲ.

*

ಮೂರು ಗಂಟೆಗೆ ಹತ್ತು ನಿಮಿಷ ಇದ್ದಾಗ ಅನೆಜಿನಾ ತನ್ನ ಅಂಗಳದಲ್ಲಿ ಕಪ್ಪು ಬಟ್ಟೆಯುಟ್ಟು ಕುರ್ಚಿಯ ಮೇಲೆ ಕೂತಿದ್ದಳು. ಸೊಂಟದೆತ್ತರದ ಗೋಡೆಯ ಆಚೆಗೆ ಅಣ್ಣನ ಅಂಗಳ. ಅಲ್ಲಿ ಮಾತು, ಕೆಮ್ಮು, ಕುರ್ಚಿ ಎಳೆಯುವ ಸದ್ದು. ಎರಡು ದಿನದಿಂದ ಅವಳು ಈ ಸದ್ದನ್ನೇ ಕೇಳುತ್ತಿದ್ದಳು. ಅದಕ್ಕೂ ಹಿಂದೆ, ಇಪ್ಪತ್ತೇಳು ವರ್ಷ, ಉಳಿ ಸುತ್ತಿಗೆಯ ಸದ್ದು ಕೇಳಿದ್ದಳು. ಈ ಎರಡು ದಿನ ಅದು ಇಲ್ಲದ್ದಕ್ಕೆ ನಿದ್ದೆಯೇ ಹತ್ತಿರಲಿಲ್ಲ. ಅದನ್ನು ಮಾತ್ರ ಅವಳು ಜಂಬೇತಾಗೂ ಹೇಳಲಿಲ್ಲ.

ಜಂಬೇತಾ ಗೋಡೆಯ ಮೇಲಿಂದ ತಲೆ ಹಾಕಿದಳು. "ಎದ್ದು ಬಾರೇ. ರಕ್ತದೋರು ಒಬ್ಬರೂ ಇಲ್ದೆ ಎತ್ತಲ್ಲ ಅಂತ ಪಾದ್ರಿ ಹಟ ಹಿಡಿದು ಕೂತಿದಾರೆ. ಅವರಿಗೆ ಇನ್ನೊಂದು ಊರಲ್ಲಿ ಮದುವೆ ಬೇರೆ ಇದೆ."

ಅನೆಜಿನಾ ಹೋದಳು. ಬಾಗಿಲ ಹೊರಗೇ ನಿಂತಳು. ಅಂಗಳದಲ್ಲಿ ಲೆಕ್ಕಕ್ಕೆ ಹನ್ನೊಂದು ಜನ. ಮಾಥ್ಯೋಸ್ ಅವಳನ್ನು ನೋಡಿಯೂ ನೋಡದ ಹಾಗೆ ಸ್ಟ್ರಾಟಿಸನ ಹತ್ತಿರ ಮಾತು ಮುಂದುವರಿಸಿದ.

"ಆ ಕೊಟ್ಟಿಗೆ ಒಳಗೆ ಒಂದು ಹನಿ ವೈನು ಬಿಟ್ಟೋನಲ್ಲ ಪುಣ್ಯಾತ್ಮ. ಒಂದು ಸಲ ನಾನು ಲೋಟ ಹಿಡ್ಕೊಂಡು ಹೋದೆ ನೋಡು, ಸುತ್ತಿಗೆ ಎತ್ಕೊಂಡು ಬಂದ. ಬಿಳೀ ಕಲ್ಲು ಹಸುಗೂಸಿದ್ದ ಹಾಗೆ, ಕೊಟ್ಟದ್ದೆಲ್ಲ ಕುಡಿಯುತ್ತೆ, ಕುಡಿದದ್ದು ಮತ್ತೆ ವಾಪಸು ಬರಲ್ಲ ಅಂದ. ನಾನೂ ಕಲ್ಲು ಕೆತ್ತೋನೇ, ನಂಗೇ ಪಾಠ."

"ಮತ್ತೆ ಹೊರಗೆ ಕುಡೀತಿದ್ನಾ?"

"ಹೊರಗೆ ನನ್ನ ಪಾಲೂ ಕುಡೀತಿದ್ದ."

ಜನ ಸಣ್ಣಗೆ ನಕ್ಕರು. ಆಗ ಶವಪೆಟ್ಟಿಗೆ ಬಂತು, ಕಾಲು ಮುಂದಾಗಿ. ಹೊತ್ತ ನಾಲ್ವರು ಹೊಸ್ತಿಲ ಹತ್ತಿರ ತಡವರಿಸಿ ನಿಂತರು.

"ಬಲಗಾಲು ಮೊದಲು ಇಡ್ರೋ," ಅಂದ ಹಿಂದಿನವನು.

"ಹೊರಗೆ ಹೋಗೋದಕ್ಕೆ ಬಲ ಏನು ಎಡ ಏನು? ಅವನಿಗಂತೂ ಇನ್ನು ಕಾಲಿನ ಚಿಂತೆ ಇಲ್ಲ."

"ನಮಗಿದೆಯಲ್ಲಪ್ಪ. ಎಡಗಾಲನ ಮನೆಯಿಂದ..." ಅವನಿಗೆ ಅನೆಜಿನಾ ಕಂಡಳು, ಬಾಯಿ ಮುಚ್ಚಿದ.

ಆ ಹೆಸರು ಅವಳೇ ಕೊಟ್ಟದ್ದು. ಪೆಟ್ಟಿಗೆ ಎದುರಿಗೆ ಹಾದುಹೋಗುವಾಗ ಅವಳಿಗೆ ನಾಚಿಕೆಯಾಯಿತು. ಇಂಥ ದಿನ ದುಃಖ ಬರಬೇಕು, ಬಂದದ್ದು ನಾಚಿಕೆ.

ಚರ್ಚಿನಲ್ಲಿ ಪ್ರಾರ್ಥನೆ ಬೇಗ ಮುಗಿಯಿತು. ಹಣೆಗೆ ಕೊನೆಯ ಮುತ್ತಿಡಲು ಎಲ್ಲರೂ ಸಾಲಾಗಿ ಹೋದರು. ಅನೆಜಿನಾ ಮೊದಲನೆಯವಳಾಗಿ ಹೋಗಬೇಕಿತ್ತು, ಕೊನೆಯವಳಾಗಿ ಹೋದಳು. ಅಣ್ಣನ ಮುಖ ಅಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಗಿತ್ತು. ಮೀಸೆ ಪೂರ್ತಿ ಬೆಳ್ಳಗಾಗಿದೆ, ಅದು ಗೋಡೆಯಾಚೆಯಿಂದಲೂ ಕಂಡಿತ್ತು. ಆದರೆ ಎಡ ಹುಬ್ಬಿನ ಮೇಲೊಂದು ಗಾಯದ ಗುರುತಿತ್ತು, ಅದು ಯಾವಾಗ ಆದದ್ದೋ ಅವಳಿಗೆ ತಿಳಿಯದು. ಬಾಗಿದಳು. ತುಟಿ ಹಣೆಯ ಹತ್ತಿರ ಹೋಯಿತು. ಎಲ್ಲರೂ ನೋಡುತ್ತಿದ್ದಾರೆ ಅನ್ನಿಸಿತು, ನೋಡುತ್ತಲೂ ಇದ್ದರು. ಮುತ್ತಿಡದೆ ನೆಟ್ಟಗಾಗಿ ಪಕ್ಕಕ್ಕೆ ಸರಿದಳು.

ಗೋರಿಯ ಹತ್ತಿರ ಪಾದ್ರಿ ಒಂದು ಹಿಡಿ ಮಣ್ಣು ಹಾಕಿದರು, ಸ್ಟ್ರಾಟಿಸ್ ಉಳಿದದ್ದನ್ನು ಹಾಕಿದ. ಜನ ಒಬ್ಬೊಬ್ಬರಾಗಿ ಅವಳ ಕೈ ಹಿಡಿದು, "ನಿನಗಾದ್ರೂ ಆಯುಸ್ಸು ಇರ್ಲಿ," ಅಂದರು. ಅವಳು ತಲೆಯಾಡಿಸಿದಳು. ಈ ಆಯುಸ್ಸನ್ನು ಇನ್ನು ಯಾರ ಮೇಲಿನ ಸಿಟ್ಟಿನಲ್ಲಿ ಕಳೆಯುವುದು ಎಂದು ಅವಳಿಗೆ ದಿಗಿಲಾಯಿತು.

*

ನಡೆದದ್ದು ಇಷ್ಟು.

ಪಂಡೆಲಿಸ್ ಹುಟ್ಟಿನಿಂದ ಎಡಗಾಲಿನವನು. ಚೆಂಡು ಒದ್ದರೆ ಎಡಗಾಲು, ಮೆಟ್ಟಿಲು ಹತ್ತಿದರೆ ಎಡಗಾಲು. ಮನೆಯಿಂದ ಹೊರಡುವಾಗ ಅನೆಜಿನಾ ಬಾಗಿಲಲ್ಲಿ ನಿಂತು "ಬಲಗಾಲು" ಎಂದು ಹೇಳಲೇಬೇಕು. ಹೇಳದಿದ್ದರೆ ಎಡಗಾಲಿಡುವನು, ಅವಳು ಒಳಗೆ ಎಳೆದುಕೊಂಡು ಮತ್ತೆ ಕಳಿಸುವಳು. ಸ್ಕೂಲಿಗೆ ಹೋಗುವಾಗ ದಿನವೂ ಇದೇ ರಗಳೆ.

ಆ ಜನವರಿಯ ಬೆಳಿಗ್ಗೆ ಅವನು ಹೆಗಲಿಗೆ ಚೀಲ ಏರಿಸಿ ಏನೋ ತಮಾಷೆ ಹೇಳುತ್ತಾ ಬಾಗಿಲಲ್ಲಿ ತಲೆ ಬಗ್ಗಿಸಿದ. ಅವಳು ನಗುತ್ತಿದ್ದಳು. ನಗುವಿನಲ್ಲಿ ಹೇಳುವುದು ಮರೆತಳು. ಎಡಗಾಲು ಹೊಸ್ತಿಲು ದಾಟಿತು.

ಅವಳ ಬಾಯಿ ತೆರೆಯಿತು, ಬಲಗೈ ಮೇಲೆದ್ದಿತು. ಆದರೆ ಹಡಗಿಗೆ ಹೊರಟು ಹೊಸ್ತಿಲು ದಾಟಿದವನನ್ನು ಹಿಂದಕ್ಕೆ ಕರೆಯಬಾರದು. ಅದು ಎಡಗಾಲಿಗಿಂತ ಕೆಟ್ಟದ್ದು, ನಾವಿಕರ ಮನೆಯ ಹೆಂಗಸರಿಗೆಲ್ಲ ಗೊತ್ತು. ಕರೆಯಲೋ ಬೇಡವೋ, ಯಾವುದು ಹೆಚ್ಚು ಕೆಟ್ಟದ್ದು ಎಂದು ಅವಳು ಯೋಚಿಸುತ್ತಿರುವಾಗಲೇ ಮಗ ಇಳಿಜಾರಿನ ತಿರುವಿಗೆ ಹೋಗಿ ತಲುಪಿದ, ಒಮ್ಮೆ ಕೈಬೀಸಿದ, ಕಾಣದಾದ.

ಎತ್ತಿದ ಕೈ ಹಾಗೇ ಇದ್ದಾಗ ಅವಳಿಗೆ ಗೋಡೆಯಾಚೆ ಅಣ್ಣ ಕಂಡ. ಉಳಿ ಹಿಡಿದು ನಿಂತಿದ್ದ. ಹುಡುಗನ ಕಾಲನ್ನೂ ನೋಡಿದ್ದ, ಅವಳ ಕೈಯನ್ನೂ ನೋಡಿದ್ದ. ಅಣ್ಣತಂಗಿ ಒಬ್ಬರನ್ನೊಬ್ಬರು ನೋಡಿದರು. ಅವನು ತಲೆ ತಗ್ಗಿಸಿ ಕೆಲಸ ಶುರುಮಾಡಿದ.

ಮಾರ್ಚಿನಲ್ಲಿ ಸುದ್ದಿ ಬಂದಾಗ ಆ ಎತ್ತಿದ ಕೈಯ ಭಾರವನ್ನು ಅವಳಿಗೆ ಹೊರಲಾಗಲಿಲ್ಲ. ಅಣ್ಣನ ಹೆಗಲಿಗೆ ಹಾಕಿದಳು. ಅವನು ಇಳಿಸಲಿಲ್ಲ. ರೊಟ್ಟಿ ಅಂಗಡಿಯಲ್ಲಿ ನಿಂತು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು, ಊರು ಅವಳ ಕಡೆ ತಿರುಗುತ್ತಿತ್ತು. ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ಅವಳು ಹೆದರಿಕೊಂಡೇ ಬದುಕಿದಳು. ಅವನು ಹೇಳಲಿಲ್ಲ. ಹೇಳದೇ ಇದ್ದದ್ದಕ್ಕೆ ಅವಳಿಗೆ ಅವನ ಮೇಲೆ ಇನ್ನಷ್ಟು ಕೋಪ ಬಂತು.

ಅದೇ ಬೇಸಿಗೆಯಲ್ಲಿ ಅವನು ಆಳೆತ್ತರದ ಪ್ರತಿಮೆಯನ್ನು ಟ್ರಾಕ್ಟರಿನಲ್ಲಿ ತಂದು ಅವಳ ಬಾಗಿಲಿಗೆ ನಿಲ್ಲಿಸಿದ. ಗೋರಿಗೆ ಇದು, ಶಿಲುಬೆ ಬೇಡ ಅಂದ. ಪ್ಯಾಂಟನ್ನು ಮೀನಖಂಡದ ತನಕ ಮಡಚಿದ ಬರಿಗಾಲಿನ ಹುಡುಗ. ಅವಳ ಕಣ್ಣು ನೇರ ಕೆಳಗೆ ಹೋಯಿತು. ಎಡಗಾಲು ಮುಂದೆ.

"ಹೊರಟಿದಾನೆ ಅನೆಜಿನಾ," ಅಂದ ಸರಾಂದೋಸ್. "ಹೋಗಿಲ್ಲ. ನೋಡು."

ಅವಳಿಗೆ ಕೇಳಿಸಿದ್ದು ಬೇರೆ. ನಾನು ನೋಡಿದೀನಿ ಎಂದು ಅವನು ಕಲ್ಲಿನಲ್ಲಿ ಕೆತ್ತಿ ತಂದಿದ್ದಾನೆ ಅನ್ನಿಸಿತು. "ಮತ್ತೆ ಎಡಗಾಲು ತಂದೆಯಾ ನನ್ನ ಬಾಗಿಲಿಗೆ," ಎಂದು ಕದ ಹಾಕಿದಳು. ಟ್ರಾಕ್ಟರು ತಿರುಗಿ ಹೋದ ಸದ್ದು ಕೇಳುವ ತನಕ ಕದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಅದೇ ಅವರಿಬ್ಬರ ನಡುವಿನ ಕೊನೆಯ ಮಾತು.

*

ಅಂಗಳದಲ್ಲಿ ಕಾಫಿ, ಒಣರೊಟ್ಟಿ, ಬ್ರಾಂದಿ ಕೊಟ್ಟರು. "ದೇವರು ಅವನನ್ನ ಕ್ಷಮಿಸ್ಲಿ," ಎಂದು ಹೇಳಿ ಒಬ್ಬೊಬ್ಬರೂ ಗುಟುಕರಿಸಿದರು. ಅಷ್ಟೂ ಜನರಲ್ಲಿ ಅವನು ಮಾಡಿದ ತಪ್ಪೇನು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಹೊರಗೆ ಟ್ರಾಕ್ಟರು ಬಂದು ನಿಂತಿತ್ತು, ಹೊತ್ತರೂ ಅದಕ್ಕೇ, ಒಡೆದರೂ ಅದಕ್ಕೇ.

ಮಾಥ್ಯೋಸ್ ದೊಡ್ಡ ಸುತ್ತಿಗೆಯನ್ನು ಕಾಲ ಹತ್ತಿರ ಇಟ್ಟುಕೊಂಡು ಕೂತಿದ್ದ. ಅನೆಜಿನಾಳನ್ನು ಕಂಡು ಎದ್ದ. "ಕೇಳ್ಲಾ?"

"ತಾಳು," ಅಂದಳು ಅವಳು. "ನೋಡಿ ಬರ್ತೀನಿ."

ಕಲ್ಲುಕೊಟ್ಟಿಗೆಯ ಬಾಗಿಲು ಅರ್ಧ ತೆರೆದಿತ್ತು. ಯಾವ ಕಾಲಿಟ್ಟು ಹೊಸ್ತಿಲು ದಾಟಿದಳೋ ಅವಳಿಗೇ ತಿಳಿಯಲಿಲ್ಲ. ಒಳಗೆ ಎಲ್ಲದರ ಮೇಲೂ ಬಿಳಿ ಪುಡಿ: ಬೆಂಚು, ಅದರ ಮೇಲಿನ ಬೋಗುಣಿ, ಉಳಿಗಳ ಸಾಲು, ಮೊಳೆಗೆ ನೇತುಹಾಕಿದ ಅವನ ಅಂಗಿ, ಅವನು ಕೂತಲ್ಲೇ ಸತ್ತ ಕುರ್ಚಿ. ಕುರ್ಚಿ ಹುಡುಗನ ಎದುರಿಗಿತ್ತು. ಹುಡುಗನ ಮೇಲೆ ಮಾತ್ರ ಪುಡಿ ಇರಲಿಲ್ಲ. ಯಾರೋ ದಿನಾ ಒರೆಸಿದ್ದಾರೆ.

ಈ ಸಲ ಅವಳು ಮೊದಲು ಮುಖ ನೋಡಿದಳು. ತಮಾಷೆಯ ಮಾತೊಂದು ಈಗಷ್ಟೇ ಬಾಯಿಂದ ಬಿದ್ದಿದೆ, ನಗು ಇನ್ನೂ ಮುಗಿದಿಲ್ಲ. ಆಮೇಲೆ ಸುತ್ತಿ ಹಿಂದೆ ಹೋಗಿ ಕೂತು ಹಿಮ್ಮಡಿ ನೋಡಿದಳು. ಎರಡೂ ನೆಲದಲ್ಲಿದ್ದವು. ಭಾರ ಎರಡರ ಮೇಲೂ ಇತ್ತು. ಕೈಯೂರಿಕೊಂಡು ಮುಂದಕ್ಕೆ ಬಂದಳು. ಎಡಪಾದದ ಕಿರುಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿತ್ತು.

ಮ್ಯೂಸಿಯಮ್ಮಿನಲ್ಲಿ ಒಂದೇ ಒಂದು ಸಲ ಆಡಿದ ಮಾತು. ಅವನು ಅದನ್ನು ನೆನಪಿಟ್ಟುಕೊಂಡಿದ್ದ. ಕಲ್ಲಿನ ಹುಡುಗರೆಲ್ಲರಿಗೂ ನೆಟ್ಟಗಿದ್ದದ್ದನ್ನು ಇವನಿಗೊಬ್ಬನಿಗೆ ಸೊಟ್ಟ ಮಾಡಿದ್ದ. ಆವತ್ತು ಬಾಗಿಲಲ್ಲಿ ಇನ್ನೊಂದು ಕ್ಷಣ ನಿಂತಿದ್ದರೆ ಅವಳಿಗೆ ಕಾಣುತ್ತಿತ್ತು. ನಿಲ್ಲಲಿಲ್ಲ. ಅನೆಜಿನಾ ನೆಲದ ಪುಡಿಯಲ್ಲಿ ಕೂತು ಅತ್ತಳು. ಮಗನಿಗಾಗಿ ಅತ್ತದ್ದೆಷ್ಟು, ಅಣ್ಣನಿಗಾಗಿ ಅತ್ತದ್ದೆಷ್ಟು ಎಂದು ಬೇರೆ ಮಾಡಲು ಬಾರದ ಅಳು ಅದು.

ಮಾಥ್ಯೋಸ್ ಬಾಗಿಲಿಗೆ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು. ತಿರುಗಲಿಲ್ಲ.

"ಹುಡುಗ ಎಡಗಾಲಿಟ್ಟೇ ಹೋದ ಮಾಥ್ಯೋಸ್. ನಾನು ನೋಡ್ದೆ. ಕರೀಲಿಲ್ಲ. ಅಣ್ಣನೂ ನೋಡಿದ್ದ."

ಮಾಥ್ಯೋಸ್ ಟೋಪಿ ತೆಗೆದ. "ಒಂದು ದಿವಸವೂ ಬಾಯಿ ಬಿಡ್ಲಿಲ್ವಲ್ಲ ಅವನು. ನನ್ನ ಹತ್ರಾನೂ."

"ಯಾರ ಹತ್ರಾನೂ ಬಿಡ್ಲಿಲ್ಲ."

ಹೊರಗಿಂದ ಸ್ಟ್ರಾಟಿಸನ ಕೂಗು ಕೇಳಿತು. "ಕತ್ತಲಾಗೋಕೆ ಮುಂಚೆ ಹೇಳ್ರಪ್ಪ, ಒಡೆಯೋದೋ ಹೊರೋದೋ?"

ಅನೆಜಿನಾ ಕೈಚೀಲದಿಂದ ವೈನಿನ ಬಾಟಲಿ ತೆಗೆದು ಹಲ್ಲಿನಿಂದ ಬೆಂಡು ಕಿತ್ತಳು. "ಬೆಂಚಿನ ಮೇಲಿರೋ ಆ ಬೋಗುಣಿ ಇತ್ತ ಕೊಡು."

"ಏನು ಮಾಡ್ತಿದೀಯ? ಕಲೆ ಆಗುತ್ತೆ ಅನೆಜಿನಾ. ಕಲ್ಲು ಕುಡಿದುಬಿಡುತ್ತೆ, ಎಷ್ಟು ತಿಕ್ಕಿದ್ರೂ ಹೋಗಲ್ಲ."

"ಗೊತ್ತು. ಕೊಡು."

ಅವನು ಸುತ್ತಿಗೆಯನ್ನು ಗೋಡೆಗೆ ಒರಗಿಸಿ ಬೋಗುಣಿ ತಂದುಕೊಟ್ಟ. ಆಮೇಲೆ ಬಾಗಿಲ ಕಡೆ ಮುಖ ಮಾಡಿ, "ಹಗ್ಗ ತಗೊಂಬಾರೋ ಸ್ಟ್ರಾಟಿಸ್, ಆದ್ರೆ ಈಗಲೇ ಬೇಡ, ಸ್ವಲ್ಪ ಹೊತ್ತು ಬಿಟ್ಟು," ಅಂದ.

ಅವಳು ಅಂಗಿಯ ತೋಳು ಮಡಚಿ, ವೈನನ್ನು ಬೋಗುಣಿಗೆ ಸುರಿದು, ಅಂಗೈಯಲ್ಲಿ ತುಂಬಿಕೊಂಡು ಮುಂದಿದ್ದ ಪಾದವನ್ನು ತೊಳೆಯಲು ಶುರುಮಾಡಿದಳು. ಮೊದಲು ಹಿಮ್ಮಡಿ, ಆಮೇಲೆ ಹರಡು, ಆಮೇಲೆ ಹೆಬ್ಬೆರಳಿಂದ ಒಂದೊಂದೇ ಬೆರಳ ಸಂದಿ. ಬಿಳಿ ಕಲ್ಲು ವೈನು ಕುಡಿದು ನಿಧಾನವಾಗಿ ಕೆಂಪಾಯಿತು. ಕಿರುಬೆರಳಿಗೆ ಬಂದಾಗ ಅವಳು ಅದನ್ನು ಎರಡು ಬೆರಳ ನಡುವೆ ಹಿಡಿದು, ನೆಟ್ಟಗೆ ಮಾಡಲು ಮೆಲ್ಲಗೆ ಎಳೆದಳು.